ಹೊಲಿದವರೇ ಮೊದಲು ಕೂರಬೇಕು

ಶ್ರಾವ್ಯಾ, ಬರುವ ಸೋಮವಾರದಿಂದ ನೀನು ಜೆಪ್ಪಿನ ಆ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತೀ ಎಂದು ನಿನ್ನ ಅಮ್ಮ ಹೇಳಿದಾಗ ನನಗೆ ಸಂತೋಷಕ್ಕಿಂತ ಮೊದಲು ಹೆದರಿಕೆ ಆಯಿತು. ಕಾರಿನ ಸೀಟು ಹೊಲಿಯುವುದರಲ್ಲಿ ಹೆದರಲು ಎಂತ ಉಂಟು ಎಂದು ನೀನು ನಗಬಹುದು. ಧನುಷ್ ಕೂಡ ನಗುತ್ತಾನೆ. ಧನುಷ್, ನೀನೂ ಓದು. ಮೊನ್ನೆ ಅಂಗಳದಲ್ಲಿ ತಂದು ನಿಲ್ಲಿಸಿದೆಯಲ್ಲ, ನೆಲಕ್ಕೆ ಹೊಟ್ಟೆ ತಾಗುವಂಥ ಕೆಂಪು ಕಾರು, ಅದನ್ನು ನೋಡಿದ ಮೇಲೆಯೇ ಬರೆಯಲೇಬೇಕು ಅಂತ ಅನಿಸಿದ್ದು. ಹೋದ ವರ್ಷ ಹಳದಿ ಇತ್ತು, ಅದಕ್ಕೆ ಮೊದಲು ನೀಲಿ. ಇದಕ್ಕೆ ಒಳಗೆಲ್ಲ ಬದಲಿಸಲಿಕ್ಕುಂಟು ಎಂದು ತಂಗಿಯ ಹತ್ತಿರ ಹೇಳುತ್ತಿದ್ದೆ. ನಾನು ಒಳಗೆ ಕೂತು ಕೇಳಿಸಿಕೊಂಡೆ.

ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಎದುರಿಗೆ ನಾಲ್ಕು ಜನ ಇದ್ದರೆ ನಾಲಿಗೆ ಅಂಟಿಕೊಳ್ಳುತ್ತದೆ. ನಾವು ಆಡುವುದು ತುಳು, ಆದರೆ ನನಗೆ ಬರೆಯಲು ಬರುವುದು ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡ ಮಾತ್ರ. ಅದರಲ್ಲೇ ಬರೆಯುತ್ತೇನೆ.

ನಿಮ್ಮ ಅಜ್ಜ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಹಂಪನಕಟ್ಟೆಯಿಂದ ಉಳ್ಳಾಲಕ್ಕೆ ಹೋಗುವ ಬಸ್ಸು. ಬಾಗಿಲಲ್ಲಿ ನೇತಾಡಿಕೊಂಡು ವಿಸಿಲ್ ಊದುತ್ತಿದ್ದರು. ಒಂದು ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಒಂದು ದಿನ ಮುಂದಿನ ಬಸ್ಸನ್ನು ಹಿಂದೆ ಹಾಕುವ ಅವಸರದಲ್ಲಿ ಡ್ರೈವರ್ ತಿರುವಿನಲ್ಲಿ ಎಳೆದ. ಇವರ ಕೈ ಜಾರಿತು. ಮನೆಗೆ ಬಂದ ವಸ್ತುಗಳಲ್ಲಿ ಆ ವಿಸಿಲ್ ಕೂಡ ಇತ್ತು. ನಿಮ್ಮ ಅಮ್ಮ ಆಗ ಇನ್ನೂ ಶಾಲೆಗೆ ಸೇರಿರಲಿಲ್ಲ.

ಆ ಮೇಲೆ ನಾನು ನಾನಾಗಿ ಯಾವ ವಾಹನವನ್ನೂ ಹತ್ತಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ನಡೆದೇ ಹೋಗುತ್ತಿದ್ದೆ. ನಡೆದು ಹೋಗುವ ದೂರದಲ್ಲಿದ್ದ ಕೆಲಸ ಎಂದೇ ಫೆಲಿಕ್ಸ್ ಧನಿಗಳ ಶೆಡ್ಡಿಗೆ ಸೇರಿದ್ದು. ಮೊದಲ ದಿನ ಅಲ್ಲಿ ನೋಡಿದರೆ ತುಂಬ ಕಾರುಗಳೇ! ಓಡಿಹೋಗಬೇಕು ಅನಿಸಿತು. ಊರಿನಲ್ಲಿ ರವಿಕೆ ಹೊಲಿಯಲು ಕಲಿತದ್ದಿತ್ತು, ಅಷ್ಟರ ಧೈರ್ಯದಲ್ಲಿ ಬಂದಿದ್ದೆ. ಅಲ್ಲಿಯ ಮೆಷಿನು ಮನೆಯ ಮೆಷಿನಿನ ಹಾಗೆ ಅಲ್ಲ. ಮೋಟಾರು ಹಾಕಿದರೆ ಸಾಕು, ದಪ್ಪ ರೆಕ್ಸಿನನ್ನು ಕೈ ಸಮೇತ ಎಳೆದುಕೊಳ್ಳುತ್ತಿತ್ತು. ಸೂಜಿ ನನ್ನ ಹೆಬ್ಬೆರಳಿನ ಉಗುರಿನ ಮೂಲಕ ಇಳಿದು ಹೋದದ್ದು ಮೊದಲ ತಿಂಗಳಲ್ಲೇ. ಆ ಬೆರಳಿನ ಉಗುರು ಈಗಲೂ ಎರಡು ಭಾಗವಾಗಿ ಬೆಳೆಯುವುದನ್ನು ನೀವು ನೋಡಿದ್ದೀರಿ.

ಫೆಲಿಕ್ಸ್ ಧನಿಗಳು ಕೊಂಕಣಿಯವರು. ಗಲ್ಫಿನಲ್ಲಿ ಕಾರುಗಳ ಒಳಗಿನ ಕೆಲಸ ಕಲಿತು ಬಂದು ಇಲ್ಲಿ ಶೆಡ್ಡು ಹಾಕಿದವರು. ಕೈ ಚಿನ್ನ, ಬಾಯಿ ಬೆಂಕಿ. ನಾನು ಮೊದಲು ಮಾಡಿದ ದೊಡ್ಡ ತಪ್ಪು ಎಂದರೆ, ಒಂದು ಕಾರಿನ ಮುಂದಿನ ಎರಡು ಸೀಟುಗಳ ಬದಿಯ ತುಂಡುಗಳನ್ನು ಎಡಕ್ಕೆ ಬರುವ ಹಾಗೆಯೇ ಕತ್ತರಿಸಿದ್ದು. ಒಂದನ್ನು ಮಗುಚಿ ಹಾಕಿ ಕತ್ತರಿಸಬೇಕು ಎಂಬುದು ಹೊಳೆದಿರಲಿಲ್ಲ.

“ಎಂತ ವಾರಿಜಕ್ಕ, ಈ ಗಾಡಿಗೆ ಎರಡೂ ಎಡಗೈಯಾ?” ಎಂದು ಅವರು ಎಲ್ಲರ ಎದುರು ಕೂಗಿದರು. “ಬಲಗೈಯನ್ನು ಯಾವ ಹೋಟೆಲಿಗೆ ಊಟಕ್ಕೆ ಕಳಿಸಿದ್ರಿ?”

ಎಲ್ಲರೂ ನಕ್ಕರು. ನಾನು ಮೆಷಿನಿನ ಹಿಂದೆ ಮುಖ ಅಡಗಿಸಿ ಕೂತೆ. ನಗದೆ ಇದ್ದವರು ಹಮೀದ್ ಬ್ಯಾರಿ ಒಬ್ಬರೇ. ಸೀಟುಗಳನ್ನು ಬಿಚ್ಚಿ ಕೊಡುವ, ಮತ್ತೆ ಕೂರಿಸುವ ಫಿಟ್ಟರ್ ಅವರು, ಉಳ್ಳಾಲದವರು. ಮಧ್ಯಾಹ್ನ ಹತ್ತಿರ ಬಂದು, “ಬಿಡಿ ವಾರಿಜಕ್ಕ, ನಾನು ಒಮ್ಮೆ ಹಿಂದಿನ ಸೀಟನ್ನು ಡಿಕ್ಕಿ ಕಡೆಗೆ ಮುಖ ಮಾಡಿ ಕೂರಿಸಿದ್ದೆ” ಎಂದರು. ಅದು ಸುಳ್ಳು ಎಂದು ನನಗೂ ಗೊತ್ತಿತ್ತು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಬೇರೆಲ್ಲೂ ಇರಲಿಲ್ಲವಂತೆ. ಸೀಟು ಹೊಲಿದವರೇ ಗಿರಾಕಿಗಿಂತ ಮೊದಲು ಆ ಸೀಟಿನಲ್ಲಿ ಕೂರಬೇಕು. ಸುಮ್ಮನೆ ಕೂತರೆ ಆಗದು, ಗಾಡಿ ಓಡಬೇಕು. ಜೆಪ್ಪಿನಮೊಗರು ದಾಟಿ, ನೇತ್ರಾವತಿಯ ಸೇತುವೆಯ ಮೇಲೆ ಹೋಗಿ, ತೊಕ್ಕೊಟ್ಟಿನಲ್ಲಿ ತಿರುಗಿ ಬರಬೇಕು. ಹೋಗುವಾಗ ಒಂದು ಸೀಟು, ಬರುವಾಗ ಇನ್ನೊಂದು. ಹೊಲಿಗೆ ಕಿರುಗುಟ್ಟುತ್ತದೆಯೋ, ಬ್ರೇಕು ಹಾಕಿದಾಗ ಬಟ್ಟೆ ಜಾರುತ್ತದೆಯೋ, ಬೆನ್ನಿಗೆ ಗಂಟು ಚುಚ್ಚುತ್ತದೆಯೋ ಎಂದು ಬೆನ್ನಿನಿಂದಲೇ ನೋಡಬೇಕು. “ಅಡುಗೆಯವರು ರುಚಿ ನೋಡದೆ ಬಡಿಸ್ತಾರಾ?” ಎನ್ನುತ್ತಿದ್ದರು ಧನಿಗಳು.

ನನಗೆ ಆ ಪದ್ಧತಿ ಎಂದರೆ ಜ್ವರ. ಸೇತುವೆ ಬರುವಾಗ ಕಣ್ಣು ಮುಚ್ಚುತ್ತಿದ್ದೆ. ಕೆಳಗೆ ನೀರು, ಪಕ್ಕದಲ್ಲಿ ಲಾರಿ, ಹಿಂದಿನಿಂದ ಬಸ್ಸಿನ ಹಾರನ್ನು. ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ದೇವರ ಹೆಸರು ಹೇಳುತ್ತಿದ್ದೆ. ವರ್ಷ ಕಳೆದರೂ ಆ ಹೆದರಿಕೆ ಹೋಗಲಿಲ್ಲ. ಹೋಗುತ್ತದೆ ಎಂದು ಯಾರಾದರೂ ನಿನಗೆ ಹೇಳಿದರೆ ನಂಬಬೇಡ ಶ್ರಾವ್ಯಾ.

ಇನ್ನೊಂದು ಕೆಲಸ ಇತ್ತು. ಅದನ್ನು ಯಾರೂ ನನಗೆ ಕಲಿಸಲಿಲ್ಲ, ತಾನಾಗಿ ಬಂತು. ಒಮ್ಮೆ ಒಬ್ಬ ಹೆಂಗಸು, ಮಗನ ಕಾರು ಶೆಡ್ಡಿನಲ್ಲಿದ್ದಾಗ, ಮಗ ಇಲ್ಲದ ಹೊತ್ತು ನೋಡಿಕೊಂಡು ಬಂದಳು. ಸೊಂಟದಿಂದ ಒಂದು ಸಣ್ಣ ಗಂಟು ತೆಗೆದಳು. ದೇವಸ್ಥಾನದ ಪ್ರಸಾದ.

“ಇದನ್ನು ಸೀಟಿನ ಒಳಗೆ ಇಟ್ಟು ಹೊಲಿಯಿರಿ ಅಕ್ಕ. ಅವನಿಗೆ ಹೇಳ್ಬೇಡಿ, ಗೊತ್ತಾದ್ರೆ ತಮಾಷೆ ಮಾಡ್ತಾನೆ.”

ನಾನು ಇಟ್ಟೆ. ಹೇಗೋ ಸುದ್ದಿ ಹಬ್ಬಿತು. ಹೆಂಗಸರ ಸುದ್ದಿ ಹೆಂಗಸರಲ್ಲೇ ಹಬ್ಬುತ್ತದೆ, ಗಂಡಸರಿಗೆ ಗೊತ್ತಾಗುವುದಿಲ್ಲ. ಬ್ಯಾರಿ ಹೆಂಗಸರು ಮಗನಿಗೆಂದು ತಾಯಿತ ತಂದರು, ಕೊಂಕಣಿಯವರು ಮೇರಿ ಮಾತೆಯ ಪದಕ ತಂದರು, ನಮ್ಮವರು ಗಂಧ ಒಣಗಿದ ಬಟ್ಟೆಯ ಚೂರು ತಂದರು. ಸ್ಪಂಜಿನಲ್ಲಿ ಸಣ್ಣ ಗೂಡು ಕೊರೆದು, ಬಟ್ಟೆಯ ಚೀಲದಲ್ಲಿ ಇಟ್ಟು, ಮೇಲೆ ಹೊಲಿಯುತ್ತಿದ್ದೆ. ಎಲ್ಲರಿಗೂ ಹೆದರಿಕೆ ಒಂದೇ. ನನಗೂ ಅದೇ ಇದ್ದುದರಿಂದ ಬೇಡ ಎನ್ನಲು ಬಾಯಿ ಬರಲಿಲ್ಲ. ಧನಿಗಳಿಗೆ ಅರ್ಧ ಗೊತ್ತಿತ್ತು, ನೋಡದ ಹಾಗೆ ಇದ್ದರು. ಹಮೀದ್ ಬ್ಯಾರಿಗೆ ಪೂರ್ತಿ ಗೊತ್ತಿತ್ತು.

“ವಾರಿಜಕ್ಕ, ಈ ಸೀಟು ಎತ್ಲಿಕ್ಕೇ ಆಗುದಿಲ್ಲ ಮಾರಾಯ್ರೆ,” ಎಂದು ಪಿಸುಗುಟ್ಟುತ್ತಿದ್ದರು. “ಎಷ್ಟು ಜನ ದೇವರನ್ನು ಕೂರಿಸಿದ್ರಿ ಒಳಗೆ?”

ಈಗ ರೋಶನನ ವಿಷಯ ಹೇಳುತ್ತೇನೆ. ಇಷ್ಟು ಹೊತ್ತು ಬರೆದದ್ದು ಅದಕ್ಕಾಗಿಯೇ.

ರೋಶನ್ ಧನಿಗಳ ದೂರದ ಸಂಬಂಧಿ. ದುಬೈಯಲ್ಲಿ ವ್ಯಾಪಾರ, ಆದರೆ ಅರ್ಧ ವರ್ಷ ಇಲ್ಲೇ ಇರುತ್ತಿದ್ದ. ಅವನಿಗೆ ವೇಗದ ಕಾರುಗಳ ಹುಚ್ಚು. ಮೊದಲು ತಂದದ್ದು ಎರಡೇ ಬಾಗಿಲಿನ ಒಂದು ಹಳದಿ ಕಾರು. ಸೀಟು ಹೊಲಿಸಿ ಕೊಂಡುಹೋದ. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಕಪ್ಪು ಕಾರು ಬಂತು. ಹಳದಿ ಎಲ್ಲಿ ಎಂದು ಹಮೀದ್ ಬ್ಯಾರಿ ಕೇಳಿದರೆ, “ಅದು ನನ್ನ ಮಾತು ಕೇಳುದಿಲ್ಲ ಬ್ಯಾರಿ, ತಿರುವಿನಲ್ಲಿ ಬೆನ್ನು ಅಲ್ಲಾಡಿಸ್ತದೆ” ಎಂದ. ಕಪ್ಪು ಹೋಯಿತು, ಮೇಲೆ ಮಾಡು ಇಲ್ಲದ, ತೆರೆದ ಒಂದು ಬಿಳಿ ಕಾರು ಬಂತು. “ಮಂಗಳೂರಿನ ಬಿಸಿಲಿಗೆ ತಲೆ ಬೇಯ್ತದೆ ಆಂಟಿ” ಎಂದು ಅದನ್ನೂ ಕೊಟ್ಟ. ನನ್ನನ್ನು ಆಂಟಿ ಎಂದೇ ಕರೆಯುತ್ತಿದ್ದ. ಒಳ್ಳೆಯ ಹುಡುಗ. ಸೀಟಿಗೆ ಕೈ ಹಾಕಿದರೆ ಮಗುವಿನ ತಲೆ ಸವರಿದ ಹಾಗೆ ಸವರುತ್ತಿದ್ದ.

ಅವನ ತಾಯಿ ಸಿಲಿನ್ ಬಾಯಮ್ಮ. ನರ್ಸ್ ಆಗಿದ್ದು ನಿವೃತ್ತಿಯಾದವರು. ಅವರು ಮೊದಲ ಸಲ ಬಂದಾಗ ಒಂದು ಸಣ್ಣ ಬೆಳ್ಳಿಯ ಪದಕ ತಂದಿದ್ದರು.

“ಸಾಯ್ಬಿಣ್ ಮಾಯಿಯ, ಮೇರಿ ಮಾತೆಯ ಪದಕ ಇದು, ನನ್ನ ಅಮ್ಮನದ್ದು. ಆಸ್ಪತ್ರೆಯಲ್ಲಿ ನಾನು ಎಷ್ಟು ಹುಡುಗರನ್ನು ನೋಡಿದ್ದೇನೆ ಗೊತ್ತುಂಟಾ ವಾರಿಜ? ಬೈಕಲ್ಲಿ ಬಿದ್ದವರು, ಕಾರಲ್ಲಿ ಬಿದ್ದವರು. ಆಗ ಬ್ಯಾಂಡೇಜ್ ಕಟ್ತಿದ್ದೆ, ಹೆದರ್ತಿರ್ಲಿಲ್ಲ. ಈಗ ಮಗ ಗೇಟು ದಾಟಿದ್ರೆ ಸಾಕು, ಫೋನು ಬರುವವರೆಗೆ ನನ್ನ ಕೈಕಾಲು ತಣ್ಣಗೆ.”

“ಅವನಿಗೆ ಹೇಳಬಾರದಾ ಬಾಯಮ್ಮ?”

“ಹೇಳ್ಬೇಡ. ಹೇಳಿದ್ರೆ ಬಿಸಾಡ್ತಾನೆ. ನೀನು ನನಗೆ ಮಾತು ಕೊಡು.”

ಮಾತು ಕೊಟ್ಟೆ. ಅವನು ಕಾರು ಬದಲಿಸಿದಾಗಲೆಲ್ಲ ಹಳೆಯ ಸೀಟು ಬಿಚ್ಚಿ ಪದಕ ತೆಗೆದು ಹೊಸದಕ್ಕೆ ಇಡುವುದು ನನ್ನ ಕೆಲಸವಾಯಿತು. ಮಾರುವ ಮೊದಲು ಮೂಲ ಸೀಟಿನ ಬಟ್ಟೆ ಹಾಕಿಸಲು ಅವನು ಹೇಗೂ ನಮ್ಮಲ್ಲಿಗೇ ತರುತ್ತಿದ್ದ. ಪದಕ ಅವನ ಹಿಂದೆಯೇ ಕಾರಿನಿಂದ ಕಾರಿಗೆ ಹೋಗುತ್ತಿತ್ತು, ಅವನಿಗೆ ಗೊತ್ತಿಲ್ಲದೆ.

ಕೊನೆಗೆ ಬಂದದ್ದು ಒಂದು ಬೂದು ಬಣ್ಣದ ಕಾರು. ಅದನ್ನು ನೋಡಿದ ದಿನವೇ ಅವನ ಮುಖ ಬೇರೆ ಇತ್ತು. “ಇದನ್ನು ಕೊಡುದಿಲ್ಲ ಆಂಟಿ. ಇದನ್ನು ನನಗೆ ಬೇಕಾದ ಹಾಗೆ ಮಾಡಿಕೊಳ್ತೇನೆ” ಎಂದ. ಬೇರೆ ಯಾವುದೋ ಗ್ಯಾರೇಜಿನಲ್ಲಿ ಸೈಲೆನ್ಸರ್ ಬದಲಿಸಿ ತಂದಿದ್ದ. ಗಾಡಿ ಶೆಡ್ಡಿಗೆ ಬಂದರೆ ತಗಡಿನ ಮಾಡು ನಡುಗುತ್ತಿತ್ತು. ಸ್ಟೇರಿಂಗಿಗೆ ದಪ್ಪ ಚರ್ಮ ಬೇಕು, ಅವನ ಹಿಡಿತಕ್ಕೆ ಸರಿಯಾಗಿ. ಸೀಟು ಹಲಸಿನ ಬೀಜದ ಬಣ್ಣದ್ದಾಗಬೇಕು, ಅದಕ್ಕೆ ಕೆಂಪು ನೂಲು. ನಡುವೆ ಚಾಪೆಯ ಹಾಗೆ ಓರೆ ಚೌಕ. ಬದಿಯ ಉಬ್ಬುಗಳು ಅವನ ಮೈಯನ್ನು ಅಪ್ಪಿ ಹಿಡಿಯಬೇಕು, ಏಕೆಂದರೆ ಅವನು ಸಪೂರ.

ಅದಕ್ಕೆ ಅವನನ್ನು ಸೀಟಿನಲ್ಲಿ ಕೂರಿಸಿ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಗಂಡಸಿನ ಅಳತೆ ತೆಗೆಯಲು ನನಗೆ ನಾಚಿಕೆ. ಹಮೀದ್ ಬ್ಯಾರಿ ಟೇಪು ಹಿಡಿದರು, ನಾನು ದೂರದಿಂದ ಕೈ ಚಾಚಿ ಗೆರೆ ಎಳೆದೆ.

“ಮದುಮಗನಿಗೆ ಕೋಟು ಹೊಲಿಯುದಾ?” ಎಂದರು ಬ್ಯಾರಿ.

“ಮದುವೆ ಇದರ ಜೊತೆಯೇ ಆಯ್ತು ಬ್ಯಾರಿ,” ಎಂದು ರೋಶನ್ ಡ್ಯಾಶ್‌ಬೋರ್ಡಿಗೆ ತಟ್ಟಿದ.

ಅಷ್ಟರಲ್ಲಿ ನಮ್ಮ ಕೆಲಸದ ರೀತಿ ಬದಲಾಗತೊಡಗಿತ್ತು. ಹೊಸ ಕಾರುಗಳ ಸೀಟಿನಡಿಯಲ್ಲಿ ಹಳದಿ ಬಣ್ಣದ ಒಂದು ವಯರಿನ ಗಂಟು ಇರುತ್ತಿತ್ತು. ಹಮೀದ್ ಬ್ಯಾರಿ ಅದನ್ನು ಕಂಡರೆ ಮೊದಲು ಬ್ಯಾಟರಿ ಬಿಚ್ಚಿ, ಒಂದು ಚಹಾ ಕುಡಿದು ಬಂದು ಆಮೇಲೆ ಮುಟ್ಟುತ್ತಿದ್ದರು. ರೋಶನನ ಸೀಟಿನ ಕೆಲಸ ಸುರುವಾದಾಗ ಧನಿಗಳು ಒಂದು ಬೇರೆ ನೂಲಿನ ಉಂಡೆ ತಂದು ನನ್ನ ಎದುರು ಇಟ್ಟರು. ತೆಳ್ಳಗಿನ ನೂಲು.

“ಬಾಗಿಲ ಬದಿಯ ಈ ಉಬ್ಬಿನ ಹೊಲಿಗೆಗೆ ಇದೇ ನೂಲು. ಬೇರೆ ಹಾಕ್ಬೇಡಿ.”

“ಇದು ಬೇಗ ಬಿಡ್ತದೆ ಧನಿ...”

“ಹೇಳಿದಷ್ಟು ಮಾಡಿ ವಾರಿಜಕ್ಕ.”

ಇನ್ನೊಂದು ಸಲ ಕೇಳುವ ಧೈರ್ಯ ನನಗಿರಲಿಲ್ಲ. ಅವರು ಹೇಳಿದ ಹಾಗೆಯೇ ಹೊಲಿದೆ.

ಆ ಮೇಲೆ ಸಿಲಿನ್ ಬಾಯಮ್ಮ ಬಂದರು. “ಈ ಸಲ ಬಾಗಿಲ ಬದಿಗೆ ಇಡು ವಾರಿಜ. ಹೊಡೆಯುದು ಆ ಬದಿಯಿಂದಲೇ ಅಲ್ವಾ?” ಎಂದರು. ಅವರು ಹೇಳಿದ್ದು ಸರಿ ಅನಿಸಿತು. ಆ ಉಬ್ಬಿನ ಒಳಗೆ ಕೈ ಹಾಕಿದರೆ ಸ್ಪಂಜಿನ ಹಿಂದೆ ಸಪಾಟಾದ ಏನೋ ಒಂದು ಕಟ್ಟು, ಅದರ ಮುಂದೆ ಒಂದಿಷ್ಟು ಜಾಗ. ಪದಕಕ್ಕೆಂದೇ ಮಾಡಿಟ್ಟ ಹಾಗೆ. ಚೀಲ ಮಾಡಿ ಅಲ್ಲಿ ಇಟ್ಟೆ. ಆದರೆ ಆ ತೆಳ್ಳಗಿನ ನೂಲು ನೋಡಿ ನನಗೆ ಸಮಾಧಾನ ಇಲ್ಲ. ಹೊಲಿಗೆ ಬಿಟ್ಟು ಪದಕ ಬಿದ್ದುಹೋದರೆ ಬಾಯಮ್ಮನ ಮುಖ ಹೇಗೆ ನೋಡುವುದು? ಅದಕ್ಕೆ ಒಳಗಿನಿಂದ, ಹೊರಗೆ ಕಾಣದ ಹಾಗೆ, ಗಟ್ಟಿ ನೈಲಾನ್ ನೂಲಿನಲ್ಲಿ ಇನ್ನೊಂದು ಸಾಲು ಹೊಲಿದೆ. ಎಳೆದು ನೋಡಿದೆ. ಎತ್ತು ಕಟ್ಟಿದರೂ ಬಿಡುವ ಹಾಗಿರಲಿಲ್ಲ. ಆಗ ಸಮಾಧಾನವಾಯಿತು.

ಗಾಡಿ ಕೊಡುವ ಸಂಜೆ ನಾನು ತಲೆನೋವು ಎಂದು ಹೇಳಿ ಮೊದಲೇ ಮನೆಗೆ ಹೋದೆ. ಆ ಸೈಲೆನ್ಸರಿನ ಗಾಡಿಯಲ್ಲಿ ಸೇತುವೆ ದಾಟಲು ನನ್ನಿಂದ ಆಗದು ಎನಿಸಿತ್ತು. ಕೂರದೆಯೇ ಗಾಡಿ ಹೋದದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಒಂದು ಟೋಯಿಂಗ್ ಗಾಡಿ ನಮ್ಮ ಶೆಡ್ಡಿಗೆ ಯಾರದೋ ಕಾರನ್ನು ಎಳೆದು ತಂತು. ಬದಿಗೆ ಪೆಟ್ಟು ಬಿದ್ದು ಬಾಗಿಲು ಒಳಗೆ ಹೋಗಿತ್ತು. ಓಡಿಸಿದವರು ಬದುಕಿದ್ದರು, ಹೆಚ್ಚೇನೂ ಆಗಿರಲಿಲ್ಲ. ಸೀಟಿನ ಬಾಗಿಲ ಬದಿಯ ಉಬ್ಬು ಮೇಲಿನಿಂದ ಕೆಳಗೆ ಬಿರಿದುಕೊಂಡಿತ್ತು, ಹಣ್ಣಾದ ಹಲಸು ಒಡೆದ ಹಾಗೆ. ಅದರೊಳಗಿನಿಂದ ಬಿಳಿ ಬಟ್ಟೆಯ ಚೀಲವೊಂದು ಜೋತಾಡುತ್ತಿತ್ತು.

ಧನಿಗಳು ಎಲ್ಲರನ್ನೂ ಕರೆದರು. “ನೋಡಿ, ಏರ್‌ಬ್ಯಾಗ್. ಪೆಟ್ಟು ಬಿದ್ದ ಕೂಡಲೇ ಈ ಹೊಲಿಗೆ ಹರ್ಕೊಂಡು ಹೊರಗೆ ಬರ್ತದೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ. ಇದಕ್ಕೇ ತೆಳ್ಳಗಿನ ನೂಲು. ಗಟ್ಟಿ ಹೊಲಿದ್ರೆ ಬರುದಿಲ್ಲ. ಬಂದ್ರೂ ಬೇರೆ ಕಡೆಯಿಂದ ಒಡೆದು ಬರ್ತದೆ, ಅಡ್ಡ ಇದ್ದದ್ದನ್ನೆಲ್ಲ ಗುಂಡಿನ ಹಾಗೆ ಎಸೀತದೆ.”

ಅವರು ಇನ್ನೂ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಹಲಸಿನ ಬೀಜದ ಬಣ್ಣದ ಸೀಟು, ಅದರೊಳಗೆ ನನ್ನ ನೈಲಾನಿನ ಸಾಲು, ಅದರ ಹಿಂದೆ ಬೆಳ್ಳಿಯ ಪದಕ, ಅದರ ಪಕ್ಕಕ್ಕೇ ಆ ಹುಡುಗನ ಪಕ್ಕೆಲುಬು. ತಾಯಿ ಮಗನನ್ನು ಕಾಯಲೆಂದು ಕೊಟ್ಟದ್ದನ್ನು ನಾನು ಮಗನಿಗೆ ಗುರಿಯಿಟ್ಟು ಹೊಲಿದಿದ್ದೆ.

ರೋಶನ್ ಅದರ ಮರುದಿನವೇ ಗೆಳೆಯರ ಜೊತೆ ಗೋವಾಕ್ಕೆ ಹೊರಡುವವನಿದ್ದ. ಹೆದ್ದಾರಿಯಲ್ಲಿ ಗಾಡಿಯ ಓಟ ನೋಡಬೇಕು ಎಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದ.

ಧನಿಗಳಿಗೆ ಹೇಳಬೇಕು. ಅವರ ಮೇಜಿನ ಎದುರು ಹೋಗಿ ನಿಂತೆ. ಬಾಯಿ ತೆರೆದರೆ ಬಾಯಮ್ಮನಿಗೆ ಕೊಟ್ಟ ಮಾತು ಅಡ್ಡ ಬಂತು, ಅಲ್ಲೇ ಕೂತಿದ್ದ ಇಬ್ಬರು ಗಿರಾಕಿಗಳು ಅಡ್ಡ ಬಂದರು. ನನ್ನ ನಾಲಿಗೆಗೆ ಬಂದದ್ದು ಇಷ್ಟೇ: “ಧನಿ, ರೋಶನನ ಗಾಡಿಯಲ್ಲಿ ನಾನು ಕೂತಿಲ್ಲ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಅದಕ್ಕೆ?”

“ಕೂರಬೇಕು. ಇವತ್ತೇ.”

“ನೀವೇ ಕೇಳುದಾ?”

ಹಿಂದಿನಿಂದ ಹಮೀದ್ ಬ್ಯಾರಿ, “ಇವತ್ತು ಸೂರ್ಯ ಉಳ್ಳಾಲದ ಕಡಲಿನಿಂದ ಹುಟ್ಟಿದ್ದಾನೆ ಧನಿ, ಬೇಗ ಫೋನು ಮಾಡಿ” ಎಂದರು.

ಊಟದ ಹೊತ್ತಿಗೆ ಮಾಡು ನಡುಗಿತು. ರೋಶನ್ ಬಂದ. “ಬನ್ನಿ ಆಂಟಿ, ನಿಮ್ಮ ಪರೀಕ್ಷೆ ಆಗದೆ ನನಗೂ ಪಾಸು ಇಲ್ಲ” ಎಂದು ಎಡಗಡೆಯ ಬಾಗಿಲು ತೆರೆದ. ಆ ಗಾಡಿಗೆ ಹತ್ತುವುದು ಎಂದಿಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕು. ಇಳಿದು ಕೂತೆ. ಬೆಲ್ಟು ಅವನೇ ಹಾಕಿದ.

ಶೆಡ್ಡಿನ ಗೇಟಿನಲ್ಲೇ ಹೇಳುತ್ತೇನೆ ಎಂದುಕೊಂಡೆ. ಗೇಟು ದಾಟಿತು. ಇಗರ್ಜಿಯ ಹತ್ತಿರ ಹೇಳುತ್ತೇನೆ ಎಂದುಕೊಂಡೆ, ಅದೂ ಹಿಂದೆ ಹೋಯಿತು. ಹೆದ್ದಾರಿಗೆ ಬಂದಾಗ ಧೈರ್ಯ ಮಾಡಿ “ರೋಶನ್” ಎಂದೆ. ಅವನು ಬದಲಿಸಿದ್ದ ಸೈಲೆನ್ಸರಿನ ಗರ್ಜನೆಯಲ್ಲಿ ನನ್ನ ಸ್ವರ ನನಗೇ ಕೇಳಿಸಲಿಲ್ಲ. ಅವನು ಮುಂದೆ ನೋಡುತ್ತ ನಗುತ್ತಿದ್ದ. ಅವನ ಬಲಗಡೆಯ ಉಬ್ಬು ಅವನ ಪಕ್ಕೆಗೆ ಅಂಟಿಕೊಂಡಿತ್ತು, ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದಲ್ಲಿಯೇ. ಎಷ್ಟು ಸರಿಯಾಗಿ ಕೂತಿದೆ ಎಂದು ನನಗೆ ಅಳು ಬಂತು.

ಸೇತುವೆ ಬಂತು. ಮುಂದೆ ಹೋಗುತ್ತಿದ್ದ ಬಸ್ಸನ್ನು ಹಿಂದೆ ಹಾಕಲು ಅವನು ಗಾಡಿಯನ್ನು ಬಲಕ್ಕೆ ಎಳೆದ. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ನೇತಾಡುತ್ತಿದ್ದ, ಬಾಯಲ್ಲಿ ವಿಸಿಲ್. ನಾನು ಈ ಸಲ ಕಣ್ಣು ಮುಚ್ಚಿರಲಿಲ್ಲ. ನನ್ನ ಬಾಯಲ್ಲಿ ಒಂದು ವಿಸಿಲ್ ಇದ್ದಿದ್ದರೆ ಎನಿಸಿತು. ಆಮೇಲೆ ನನ್ನ ಗಂಟಲಿನಿಂದ ಬಂದ ಸ್ವರ ನನ್ನದಲ್ಲ.

“ನಿಲ್ಸು ಮಗಾ!”

ಅವನ ತೋಳನ್ನು ಹಿಡಿದುಬಿಟ್ಟಿದ್ದೆ. ಅದುವರೆಗೆ ನಾನು ಒಬ್ಬ ಗಿರಾಕಿಯ ಅಂಗಿಯ ತುದಿಯನ್ನೂ ಮುಟ್ಟಿದವಳಲ್ಲ. ಅವನು ಹೆದರಿ ವೇಗ ಇಳಿಸಿದ. ಸೇತುವೆ ದಾಟಿ ರಸ್ತೆಯ ಬದಿಗೆ ತಂದು ಇಂಜಿನ್ ನಿಲ್ಲಿಸಿದ.

“ಎಂತ ಆಯ್ತು ಆಂಟಿ? ಎದೆ ನೋವಾ?”

ಅಷ್ಟು ಗರ್ಜನೆಯ ಮೇಲೆ ಎಲ್ಲ ಮೌನವಾಗಿತ್ತು. ನಾನು ಹೇಳಿದೆ. ತೆಳ್ಳಗಿನ ನೂಲು, ದಪ್ಪ ನೂಲು, ಪದಕ, ಬೆಳಿಗ್ಗೆ ಬಂದ ಕಾರು, ಎಲ್ಲ ಹಿಂದೆಮುಂದಾಗಿ ಬಂತು. ಅವನು ಏರ್‌ಬ್ಯಾಗಿನ ವಿಷಯ ಕೇಳುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಬೇರೆ.

“ಮಮ್ಮಿ ಬಂದಿದ್ಳಾ?”

“ಹೌದು.”

“ಹಳದಿ ಕಾರಿಗೂ?”

“ಎಲ್ಲದಕ್ಕೂ.”

ಅವನು ಸ್ಟೇರಿಂಗಿನ ಮೇಲೆ ಕೈಯಿಟ್ಟು ನೀರು ನೋಡುತ್ತ ಕೂತ. “ನನಗೆ ಒಮ್ಮೆಯೂ ಹೇಳ್ಲಿಲ್ಲ. ಹೋಗುವಾಗ ‘ಊಟಕ್ಕೆ ಬಾ’ ಅಂತ ಮಾತ್ರ ಹೇಳ್ತಾಳೆ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಯಾಕೆ ಹೇಳಿದ್ರಿ ಆಂಟಿ? ಧನಿ ನಿಮ್ಮನ್ನು ಇಟ್ಕೊಳ್ತಾರಾ ಇನ್ನು?” ಎಂದ.

“ಹೆದರಿಕೆ ಆಯ್ತು ಮಗಾ.”

“ನನಗೂ ಈಗ ಆಗ್ತಾ ಉಂಟು,” ಎಂದ.

ಹಿಂದೆ ಬರುವಾಗ ಅವನು ಸೀಟಿಗೆ ಬೆನ್ನು ಕೊಡಲಿಲ್ಲ. ಬಲಗಡೆ ಮುಳ್ಳಿನ ಬೇಲಿ ಇದ್ದವರ ಹಾಗೆ ಎಡಕ್ಕೆ ವಾಲಿಕೊಂಡು, ರಸ್ತೆಯ ಅಂಚು ಹಿಡಿದು ತೆವಳಿದ. ರಿಕ್ಷಾಗಳು ನಮ್ಮನ್ನು ದಾಟಿ ಹೋದವು. ಒಂದು ಸಿಟಿ ಬಸ್ಸು ಪಕ್ಕಕ್ಕೆ ಬಂದಾಗ ಕಂಡಕ್ಟರ್ ಬಸ್ಸಿನ ಮೈಗೆ ಬಡಿದು, “ಎಂತ ಮಾರಾಯ, ಇಷ್ಟು ಚಂದದ ಗಾಡಿ, ತಳ್ಬೇಕಾ?” ಎಂದು ಕೂಗಿದ. ಆ ಸೇತುವೆಯ ಮೇಲೆ ನಾನು ಕಣ್ಣು ತೆರೆದು ನದಿಯನ್ನು ನೋಡಿದ್ದು ಅದೇ ಮೊದಲು. ಅಷ್ಟು ಅಗಲ ಇದೆ ಎಂದು ಗೊತ್ತಿರಲಿಲ್ಲ.

ಶೆಡ್ಡಿನಲ್ಲಿ ಧನಿಗಳಿಗೆ ಅವನೇ ಹೇಳಿದ. ಅವರ ಮುಖ ಕೆಂಪಾಯಿತು. “ವಾರಿಜಕ್ಕ, ನೀವು ಹೊಲಿದದ್ದು ಸೀಟಾ, ಬಾಂಬಾ?” ಎಂದು ಮಾಡು ಹಾರಿಹೋಗುವ ಹಾಗೆ ಕೂಗಿದರು. ನಾನು ಕೈಕಟ್ಟಿ ನಿಂತಿದ್ದೆ. ಹಮೀದ್ ಬ್ಯಾರಿ ಹೋಗಿ ಬ್ಯಾಟರಿ ಬಿಚ್ಚಿದರು, ಏರ್‌ಬ್ಯಾಗಿನ ಆ ಹಳದಿ ವಯರಿನ ಗಂಟು ಬಿಡಿಸಿದರು. ಸೀಟನ್ನು ಹೊರಗೆ ತಂದು ಎಲ್ಲರನ್ನೂ ದೂರ ನಿಲ್ಲಿಸಿದರು. ತಾವು ಮಾತ್ರ ನನ್ನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತರು.

“ಹೊಲಿದವರೇ ಬಿಚ್ಚಬೇಕು. ಮೆಲ್ಲ, ವಾರಿಜಕ್ಕ.”

ಒಂದೊಂದೇ ನೂಲು ಕತ್ತರಿಸಿದೆ. ಬ್ಯಾಟರಿ ಇಲ್ಲ, ಏನೂ ಆಗದು ಎಂದು ಗೊತ್ತಿದ್ದರೂ ಪ್ರತಿ ಸಲ ಕತ್ತರಿ ಮುಚ್ಚುವಾಗ ನನ್ನ ಭುಜ ಕಿವಿಯವರೆಗೆ ಏರುತ್ತಿತ್ತು. ನಾನೇ ಹಾಕಿದ ಹೊಲಿಗೆ, ಬಿಡುವ ಲಕ್ಷಣವೇ ಇರಲಿಲ್ಲ. ಕೊನೆಗೆ ಪದಕ ನನ್ನ ಅಂಗೈಗೆ ಬಿತ್ತು. ಬೆಚ್ಚಗಿತ್ತು. ಹೊರಗಿನ ಬಿಸಿಲಿನ ಬಿಸಿ ಇರಬೇಕು. ಅದನ್ನು ರೋಶನನ ಕೈಗೇ ಕೊಟ್ಟು, ಉಬ್ಬನ್ನು ಮತ್ತೆ ತೆಳ್ಳಗಿನ ನೂಲಿನಲ್ಲೇ ಹೊಲಿದೆ.

ಧನಿಗಳು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಹಲವು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ಆದರೆ ಆ ಮೇಲೆ ಅವರು ಯಾವ ಕೆಲಸ ಹೇಳಿದರೂ ಯಾಕೆ ಎಂಬುದನ್ನು ಕೂಡಿಸಿ ಹೇಳತೊಡಗಿದರು. ಕೇಳದಿದ್ದರೂ ಹೇಳುತ್ತಿದ್ದರು. ಶೆಡ್ಡಿಗೆ ಎಷ್ಟೋ ಹೊಸ ಮೆಷಿನುಗಳು ಬಂದವು, ಕಂಪ್ಯೂಟರಿನಲ್ಲಿ ಕತ್ತರಿಸುವುದು ಬಂತು. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದೇ. ಈಗ ಶೆಡ್ಡು ನೋಡಿಕೊಳ್ಳುವುದು ಅವರ ಮಗಳು. ಅವಳು ಯಾಕೆ ಎಂದು ಹೇಳದಿದ್ದರೆ ನೀನು ಕೇಳಬೇಕು ಶ್ರಾವ್ಯಾ. ನನ್ನ ನಾಚಿಕೆ ನಿನಗೆ ಬಂದಿಲ್ಲ, ಪುಣ್ಯ.

ಬಾಯಮ್ಮನಿಗೆ ನಾನು ಮಾತು ತಪ್ಪಿದೆ ಎಂದು ಬೇಸರವಾಗಿರಬಹುದು ಎಂದುಕೊಂಡಿದ್ದೆ. ಮರುದಿನ ತಾಯಿ ಮಗ ಇಬ್ಬರೂ ಅದೇ ಗಾಡಿಯಲ್ಲಿ ಬಂದರು. ಗೋವಾದ ಪ್ರಯಾಣ ಮುಂದಕ್ಕೆ ಹೋಗಿತ್ತು. ಬಾಯಮ್ಮ ಆ ಗಾಡಿಯಿಂದ ಏಳಲಾರದೆ, “ಇದೆಂತ ಕಾರು, ಹೊಂಡವಾ?” ಎಂದು ಮಗನಿಗೆ ಬೈಯುತ್ತಿದ್ದರು. ರೋಶನ್ ಪದಕವನ್ನು ನನ್ನ ಕೈಗೆ ಕೊಟ್ಟ. ಗಾಡಿಯ ಗೇರ್ ಹಾಕುವ ಹಿಡಿಯ ಬುಡದಲ್ಲಿ ಚರ್ಮದ ಸಣ್ಣ ಚೀಲ ಇರುತ್ತದಲ್ಲ, ಅದರ ಹೊರಗೆ, ಎಲ್ಲರಿಗೂ ಕಾಣುವ ಹಾಗೆ ಹೊಲಿಯಬೇಕು ಎಂದ. ಕೆಂಪು ನೂಲಿನಲ್ಲಿ. ಧನಿಗಳು ಬಗ್ಗಿ ನೋಡಿ, ಅಲ್ಲಿ ಏನೂ ತೊಂದರೆ ಇಲ್ಲ, ಯಾಕೆಂದರೆ ಎಂದು ಸುರು ಮಾಡಿದರು.

ಕೊಡುವುದೇ ಇಲ್ಲ ಎಂದಿದ್ದ ಆ ಗಾಡಿಯನ್ನೂ ಅವನು ಕೆಲವು ಕಾಲದ ಮೇಲೆ ಕೊಟ್ಟ. ಹುಚ್ಚು ಹೋಗುತ್ತದೆಯೇ? ಆದರೆ ಕೊಡುವ ಮೊದಲು ಗೇರಿನ ಆ ಚರ್ಮದ ಚೀಲವನ್ನು ಬಿಚ್ಚಿಸಿಕೊಂಡು ಹೋದ. ಮುಂದಿನ ಕಾರು ತಂದಾಗ ಅದನ್ನು ಜೇಬಿನಿಂದ ಅವನೇ ತೆಗೆದು ಕೊಟ್ಟ.

ನನ್ನ ಹತ್ತಿರ ಬರುವ ತಾಯಂದಿರಿಗೆ ಆಮೇಲೆ ನಾನು ಒಂದೇ ಮಾತು ಹೇಳುತ್ತಿದ್ದೆ. ಬಾಗಿಲ ಬದಿಗೆ ಇಡುವುದಿಲ್ಲ, ಮಗನಿಗೆ ಹೇಳದೆ ಇಡುವುದಿಲ್ಲ. ಕೆಲವರು ಸಿಟ್ಟು ಮಾಡಿ ಹೋದರು. ಹೋಗಲಿ.

ಧನುಷ್, ಈಗ ನಿನಗೆ. ನೀನು ಆ ಕೆಂಪು ಕಾರನ್ನು ತಂದ ದಿನ ನಾನು ಕಪಾಟಿನಿಂದ ನಿನ್ನ ಅಜ್ಜನ ವಿಸಿಲ್ ತೆಗೆದೆ. ಇಷ್ಟು ವರ್ಷ ಬೇರೆ ತಾಯಂದಿರ ಗಂಟು ತೆಗೆದುಕೊಂಡವಳು ನಾನು, ಈಗ ನಾನೇ ಗಂಟು ಹಿಡಿದುಕೊಂಡು ನಿಂತಿದ್ದೇನೆ. ನಿನಗೆ ಗೊತ್ತಿಲ್ಲದ ಹಾಗೆ ಸೀಟಿನಲ್ಲಿ ಇಡಿಸಬಹುದಿತ್ತು, ತಂಗಿ ಅಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಹಾಗೆ ಮಾಡುವುದಿಲ್ಲ. ನಿನಗೆ ಹೇಳಿಯೇ ಕೊಡುತ್ತಿದ್ದೇನೆ. ಬೇಡವಾದರೆ ಬೇಡ ಎನ್ನು, ನಾನು ಸಿಟ್ಟು ಮಾಡುವುದಿಲ್ಲ. ನಿನಗೆ ಬೇಕಾದ ಬಣ್ಣ ಹಾಕಿಸು, ಬೇಕಾದ ನೂಲು ಹಾಕಿಸು. ಸೈಲೆನ್ಸರ್ ಮಾತ್ರ ಬದಲಿಸಬೇಡ. ಪಕ್ಕದಲ್ಲಿ ಕೂತವರ ಮಾತು ಕೇಳಬೇಕು.

ಶ್ರಾವ್ಯಾ, ಅಣ್ಣ ಒಪ್ಪಿದರೆ ಗೇರಿನ ಬುಡದ ಚರ್ಮಕ್ಕೆ ವಿಸಿಲಿನ ದಾರವನ್ನು ಮಾತ್ರ ಹೊಲಿ. ವಿಸಿಲ್ ಕೈಗೆ ಸಿಗುವ ಹಾಗಿರಲಿ. ಹೊಲಿದವಳು ನೀನು, ಮೊದಲು ಕೂರುವವಳೂ ನೀನೇ. ತಲೆನೋವು ಎಂದು ಮನೆಗೆ ಬರಬೇಡ. ಸೇತುವೆಯ ಮೇಲೆ ಅವನು ಬಸ್ಸನ್ನು ಹಿಂದೆ ಹಾಕಲು ಹೊರಟು, ನಿನಗೆ ಹೆದರಿಕೆಯಾಗಿ, ಬಾಯಿ ಬಾರದಿದ್ದರೆ, ಒಮ್ಮೆ ಊದು.

ಎರಡು ಸಲ ಬೇಡ. ಒಂದೇ.